ಬೆಕ್ಕಿನ ಆಟಿಕೆ ಮತ್ತು ಶ್ರಾವಕನ ಮೂರ್ಛೆ

ಪರಿಗ್ರಹವೆಂದೊಡನೆ ಶ್ರಾವಕನ ಮನಸ್ಸು ಹೊಲ, ಮನೆ, ಬಂಗಾರ, ಬೆಳ್ಳಿ, ಬ್ಯಾಂಕಿನ ಠೇವಣಿ ಇವುಗಳ ಕಡೆಗೆ ಹೋಗುತ್ತದೆ. ಇವು ಬೆಲೆಯುಳ್ಳ ವಸ್ತುಗಳು. ಇವುಗಳ ಲೆಕ್ಕ ಕಿರ್ದಿ ಖಾತೆಗಳಲ್ಲಿ ಸಿಗುತ್ತದೆ. ಆದರೆ ಆಚಾರ್ಯರು ಪರಿಗ್ರಹವನ್ನು ವಸ್ತುವಿನ ಬೆಲೆಯಿಂದ ಅಳೆದವರಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಮೂರ್ಛೆಯೆಂಬ ಭಾವದಲ್ಲಿ ಇರಿಸಿದ್ದಾರೆ. ‘ಇದು ನನ್ನದು’ ಎಂಬ ಸಂಕಲ್ಪವೇ ಮೂರ್ಛೆ. ಹಾಗಾದರೆ ಎರಡು ಕಾಸಿಗೂ ಬಾಳದ ವಸ್ತುವಿನಲ್ಲಿ ಪೂರ್ಣ ಪ್ರಮಾಣದ ಮೂರ್ಛೆ ಇರಲು ಸಾಧ್ಯವೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ಮನೆಯಲ್ಲಿ ಓಡಾಡುವ ಬೆಕ್ಕಿಗಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪೇಟೆಗಳಿಗೆ ಬೆಕ್ಕು ಹೊಸ ಅತಿಥಿಯಲ್ಲ. ಜೋಳ, ತೊಗರಿ, ಕಡಲೆಗಳ ಚೀಲಗಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಅಡತಿ ಅಂಗಡಿಯಲ್ಲಿ ಒಟ್ಟಿದ ಗೋಣಿಚೀಲಗಳ ನೆತ್ತಿಯ ಮೇಲೆ ಮಲಗಿದ ಬೆಕ್ಕು ಅಂಗಡಿಯ ಒಡೆಯನಿಗಿಂತ ನಿಶ್ಚಿಂತೆಯಿಂದ ಇರುತ್ತದೆ. ಧಾನ್ಯಕ್ಕೂ ಬೆಕ್ಕಿಗೂ ಇರುವ ಈ ನಂಟು ಬಹು ಪುರಾತನವಾದುದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರವು ಸುಮಾರು ೯,೫೦೦ ವರ್ಷಗಳಷ್ಟು ಹಳೆಯದೆಂದು ೨೦೦೪ರಲ್ಲಿ ಪ್ರಕಟವಾಯಿತು. ಮನುಷ್ಯನು ಬೆಳೆ ಬೆಳೆದು ಧಾನ್ಯವನ್ನು ಕೂಡಿಡಲು ತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ಬಂದಿತು ಎಂಬುದು ವಿದ್ವಾಂಸರ ಅಭಿಪ್ರಾಯ. ಬೆಕ್ಕನ್ನು ಮನೆಗೆ ಕರೆತಂದುದು ಮನುಷ್ಯನ ಪ್ರೀತಿಗಿಂತ ಮೊದಲು ಮನುಷ್ಯನ ಸಂಗ್ರಹ. ಸಂಗ್ರಹದ ಬೆನ್ನು ಹತ್ತಿ ಬಂದ ಪ್ರಾಣಿಯೇ ಸಂಗ್ರಹದ ಪಾಠವನ್ನು ಹೇಳುವಂತಿರುವುದು ವಿಶೇಷ.

ಬೆಕ್ಕಿನ ಆಟಿಕೆಯೆಂದರೆ ಅಂಗಡಿಯಿಂದ ಕೊಂಡುತಂದ ಬಟ್ಟೆಯ ಇಲಿಯೇ ಆಗಬೇಕೆಂದಿಲ್ಲ. ಚೀಲ ಹೊಲಿದು ಮಿಕ್ಕ ಸುತಳಿಯ ಗಂಟು, ಹಳೆಯ ಕೌದಿಯಿಂದ ಕಿತ್ತುಬಂದ ಚಿಂದಿ, ಬಾಟಲಿಯ ಮುಚ್ಚಳ, ಮಗುವಿನ ಒಂಟಿ ಕಾಲುಚೀಲ ಇವುಗಳಲ್ಲಿ ಯಾವುದಾದರೂ ಒಂದು ಅದಕ್ಕೆ ಪರಮಪ್ರಿಯವಾಗಬಹುದು. ಹತ್ತು ವಸ್ತುಗಳನ್ನು ಮುಂದಿಟ್ಟರೂ ಅದು ಆ ಒಂದನ್ನೇ ಆರಿಸಿಕೊಳ್ಳುತ್ತದೆ. ಬಾಯಲ್ಲಿ ಕಚ್ಚಿಕೊಂಡು ಮಂಚದ ಕೆಳಗೋ ಪೆಟ್ಟಿಗೆಯ ಹಿಂದೆಯೋ ಒಯ್ದು ಇಡುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಹೊತ್ತು, ಎಂದಿನ ಕೂಗಿಗಿಂತ ಬೇರೆಯಾದ ದೀರ್ಘ ಸ್ವರದಲ್ಲಿ ಕೂಗುತ್ತ ಕೋಣೆಯಿಂದ ಕೋಣೆಗೆ ತಿರುಗುತ್ತದೆ. ಕೆಲವು ಬೆಕ್ಕುಗಳು ಅದನ್ನು ತಂದು ತಮ್ಮ ನೀರಿನ ಬಟ್ಟಲಿನಲ್ಲಿ ಹಾಕುತ್ತವೆ. ಕೆಲವು ಮಲಗಿದವರ ದಿಂಬಿನ ಬಳಿ ಇಡುತ್ತವೆ. ಮತ್ತೊಂದು ಬೆಕ್ಕು ಸಮೀಪಿಸಿದರೆ ಗುರುಗುಟ್ಟುತ್ತವೆ. ಹಾಲು ಹಾಕಿದ ಕೈಯೇ ಚಾಚಿದರೂ ಕಿವಿ ಹಿಂದಕ್ಕೆ ಬಾಗುತ್ತದೆ, ಪಂಜ ಮೇಲೇಳುತ್ತದೆ. ಇನ್ನೂ ಆಶ್ಚರ್ಯದ ಸಂಗತಿಯೊಂದುಂಟು. ಕೊಳೆಯಾಯಿತೆಂದು ಮನೆಯವರು ಆ ಚಿಂದಿಯನ್ನು ಒಗೆದು ಒಣಗಿಸಿ ಕೊಟ್ಟರೆ ಬೆಕ್ಕು ಅದನ್ನು ಮೂಸಿ ನೋಡಿ ಪರಕೀಯ ವಸ್ತುವಿನಂತೆ ಬಿಟ್ಟು ಹೋಗುವುದುಂಟು.

ಇದಕ್ಕೆಲ್ಲ ಪ್ರಾಣಿಶಾಸ್ತ್ರಜ್ಞರು ಕಾರಣ ಕೊಡುತ್ತಾರೆ. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಹಿಡಿದ ಬೇಟೆಯನ್ನು ಹಂಚಿಕೊಳ್ಳುವ ರೂಢಿ ಅದರ ಕುಲದಲ್ಲಿ ತಾಯಿ-ಮರಿಗಳ ಆಚೆಗೆ ವಿರಳ. ಹಿಡಿದುದನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದು, ತಾಯಿಬೆಕ್ಕು ಮರಿಗಳಿಗೆ ತಂದುಕೊಡುವುದು, ಬೇರೆಯವರು ಬಂದರೆ ಕಾಯುವುದು ಇವೆಲ್ಲ ಬೇಟೆಯ ಅಂಗಗಳೇ. ಅದರ ಕೆನ್ನೆ, ಗದ್ದ, ಹಣೆ, ಅಂಗಾಲುಗಳಲ್ಲಿ ಗಂಧವನ್ನು ಸೂಸುವ ಗ್ರಂಥಿಗಳಿವೆ. ಕೆನ್ನೆ ಉಜ್ಜಿದ ವಸ್ತುವಿನಲ್ಲಿ ಅದರ ಗುರುತು ಉಳಿಯುತ್ತದೆ. ಸಾಬೂನು ಹಚ್ಚಿ ಒಗೆದಾಗ ಅಳಿದುಹೋಗುವುದು ಈ ಗುರುತೇ.

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಾರಾ ಹಾಲ್ ಮತ್ತು ಜಾನ್ ಬ್ರ್ಯಾಡ್‌ಶಾ ಎಂಬ ವಿದ್ವಾಂಸರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿದ ಬೆಕ್ಕು ಆಟಿಕೆಯೊಡನೆ ಹೆಚ್ಚು ತೀವ್ರವಾಗಿ ಆಡುತ್ತದೆಂದೂ ದೊಡ್ಡ ಆಟಿಕೆಗೂ ಅಂಜುವುದು ಕಡಿಮೆಯಾಗುತ್ತದೆಂದೂ ಕಂಡುಬಂದಿತು. ಅದೇ ತಂಡವು ೨೦೦೨ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿತು. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿಗೆ ಬೇಸರ ಬರುತ್ತದೆ. ಆಗ ಸ್ವಲ್ಪ ಬೇರೆಯಾದ ಹೊಸ ಆಟಿಕೆ ಕೊಟ್ಟರೆ ಮೊದಲಿಗಿಂತ ಹೆಚ್ಚಿನ ಆವೇಶದಿಂದ ಅದರ ಮೇಲೆ ಬೀಳುತ್ತದೆ. ಆಟಿಕೆ ಬೇಟೆಯಂತೆ ಬದಲಾಗುವುದಿಲ್ಲ, ಹರಿಯುವುದಿಲ್ಲ, ತಿನ್ನಲೂ ಬರುವುದಿಲ್ಲ. ತೃಪ್ತಿ ಸಿಗದ ವಸ್ತುವಿನಿಂದ ಬೇಸರ, ಬೇಸರದಿಂದ ಹೊಸದರ ಬಯಕೆ, ಹೊಸದರಲ್ಲಿ ಇಮ್ಮಡಿ ಆವೇಶ. ಪೇಟೆಯ ವ್ಯವಹಾರವನ್ನು ಬಲ್ಲವರಿಗೆ ಈ ಮೂರು ಮೆಟ್ಟಿಲುಗಳು ಹೊಸವಾಗಿ ತೋರಲಾರವು.

ಈಗ ಸಿದ್ಧಾಂತದ ಕಡೆಗೆ ಬರಬಹುದು. ಸಂಸಾರಿ ಜೀವಿಗಳಿಗೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳನ್ನು ಆಗಮವು ಹೇಳುತ್ತದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರಿಗ್ರಹಸಂಜ್ಞೆ ಹುಟ್ಟಲು ನಾಲ್ಕು ಕಾರಣಗಳನ್ನು ಎಣಿಸಿದ್ದಾರೆ. ಭೋಗದ ಸಾಧನಗಳನ್ನು ಕಾಣುವುದು, ಅವುಗಳಲ್ಲಿ ಮನಸ್ಸನ್ನು ತೊಡಗಿಸುವುದು, ಮೂರ್ಛಾಭಾವ, ಲೋಭಕರ್ಮದ ಉದೀರಣೆ. ಇವುಗಳಲ್ಲಿ ಮೊದಲಿನದು ಹೊರಗಿನದು, ಉಳಿದವು ಒಳಗಿನವು. ಬೆಕ್ಕು ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿ. ಆದುದರಿಂದ ಅದರಲ್ಲಿ ಪರಿಗ್ರಹಸಂಜ್ಞೆ ಇರುವುದು ಸಿದ್ಧಾಂತಕ್ಕೆ ಅನಿರೀಕ್ಷಿತವಲ್ಲ. ‘ಪ್ರಾಣಿಗೆ ಏನೂ ಬೇಡ, ಮನುಷ್ಯನೊಬ್ಬನೇ ಕೂಡಿಡುವವನು’ ಎಂದು ಸಭೆಗಳಲ್ಲಿ ಹೇಳುವ ಮಾತು ಕೇಳಲು ಸೊಗಸಾಗಿದ್ದರೂ ಶಾಸ್ತ್ರಕ್ಕೂ ಅನುಭವಕ್ಕೂ ಒಪ್ಪುವ ಮಾತಲ್ಲ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮೂರ್ಛೆಯನ್ನು ವಿವರಿಸುವ ಬಗೆ ಇಲ್ಲಿ ಬಹಳ ಉಪಕಾರಿ. ಹಸು, ಎಮ್ಮೆ, ಮಣಿ, ಮುತ್ತು ಮೊದಲಾದ ಸಚೇತನ-ಅಚೇತನ ವಸ್ತುಗಳನ್ನು, ಹಾಗೆಯೇ ಒಳಗಿನ ರಾಗಾದಿಗಳನ್ನು ಸಂರಕ್ಷಿಸುವ, ಗಳಿಸುವ, ಸಂಸ್ಕರಿಸುವ ವ್ಯಾಪಾರವೇ ಮೂರ್ಛೆ ಎಂಬುದು ಅವರ ವಿವರಣೆಯ ತಾತ್ಪರ್ಯ. ಈ ಮೂರನ್ನು ಬೆಕ್ಕಿಗೆ ಹೊಂದಿಸಿ ನೋಡಬಹುದು. ಗುರುಗುಟ್ಟಿ ಕಾಯುವುದು ಸಂರಕ್ಷಣೆ. ಎಲ್ಲಿಂದಲೋ ಕದ್ದು ಹೊತ್ತು ತರುವುದು ಅರ್ಜನೆ. ನೆಕ್ಕಿ, ಕೆನ್ನೆ ಉಜ್ಜಿ, ತನ್ನ ಗಂಧವನ್ನು ಹಚ್ಚುವುದು ಸಂಸ್ಕಾರ. ಸುತಳಿಯ ಒಂದು ಗಂಟಿನ ಸುತ್ತ ಮೂರ್ಛೆಯ ಮೂರು ವ್ಯಾಪಾರಗಳೂ ನೆರೆದಿವೆ. ಹೀಗಾಗಿ ಆರಂಭದ ಪ್ರಶ್ನೆಗೆ ಉತ್ತರ ಸ್ಪಷ್ಟ. ಬೆಲೆಯಿಲ್ಲದ ವಸ್ತುವಿನಲ್ಲಿಯೂ ಮೂರ್ಛೆ ಪೂರ್ಣವಾಗಿರಬಲ್ಲುದು. ವಸ್ತು ಕೇವಲ ನಿಮಿತ್ತ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಇದು ಬೆಕ್ಕಿನ ಸ್ವಭಾವ, ಸ್ವಭಾವಕ್ಕೆ ದೋಷ ಹಚ್ಚುವುದು ಅನ್ಯಾಯವಲ್ಲವೇ?’ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆಸ್ರವದ ತಾರತಮ್ಯವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಭಾವದ ತೀವ್ರತೆ-ಮಂದತೆಗಳನ್ನೂ, ತಿಳಿದು ಮಾಡಿದುದು-ತಿಳಿಯದೆ ಮಾಡಿದುದು ಎಂಬ ಭೇದವನ್ನೂ ಗಣನೆಗೆ ತೆಗೆದುಕೊಂಡಿದೆ. ಬೆಕ್ಕಿನ ಭಾವ ತೀವ್ರವಾಗಿದ್ದರೂ ಅದಕ್ಕೆ ಮೂರ್ಛೆಯ ಸ್ವರೂಪವನ್ನು ತಿಳಿಸಿದವರಿಲ್ಲ. ಅದೇ ತೀವ್ರತೆ, ಪ್ರತಿದಿನ ಸ್ವಾಧ್ಯಾಯ ಕೇಳಿದ ಶ್ರಾವಕನಲ್ಲಿ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಆದರೆ ಆಕ್ಷೇಪದ ಉಳಿದರ್ಧವನ್ನು ಒಪ್ಪಲಾಗದು. ಸ್ವಭಾವವೆಂದು ಕರೆಯುವುದು ಆತ್ಮದ ಸ್ವಭಾವವಲ್ಲ, ಕರ್ಮೋದಯದ ವಿಭಾವ. ಆತ್ಮದ ಸ್ವಭಾವದಲ್ಲಿ ಗುರುಗುಟ್ಟುವಿಕೆಗೆ ಎಡೆಯಿಲ್ಲ.

ಕಾಯುವ ಆ ಆವೇಶಕ್ಕೆ ಶಾಸ್ತ್ರದಲ್ಲಿ ಹೆಸರೂ ಇದೆ. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಕೊನೆಯದು ವಿಷಯಸಂರಕ್ಷಣ. ಮೊದಲನೆಯದು ಹಿಂಸೆಯಲ್ಲಿ ಆನಂದಪಡುವುದು. ಈ ಎರಡೂ ಒಂದೇ ಕೋಣೆಯಲ್ಲಿ ಒಂದೇ ಗಳಿಗೆಯಲ್ಲಿ ನಡೆಯುವುದನ್ನು ಈಗೀಗ ಕಾಣಬಹುದಾಗಿದೆ. ಬೆಕ್ಕಿನ ಬಾಯಿಂದ ಚಿಂದಿಯನ್ನು ಕಸಿದು, ಅದು ಕೂಗುವುದನ್ನೂ ಹಾರುವುದನ್ನೂ ಮೊಬೈಲಿನಲ್ಲಿ ಚಿತ್ರಿಸಿ ಹತ್ತು ಜನರಿಗೆ ಕಳಿಸಿ ನಗುವವರಿದ್ದಾರೆ. ಬೆಕ್ಕಿನಲ್ಲಿರುವುದು ವಿಷಯಸಂರಕ್ಷಣದ ಆವೇಶ; ಕಸಿದು ನಗುವವನಲ್ಲಿರುವುದು ಪರಪೀಡೆಯ ಸಂತೋಷ. ಎರಡರಲ್ಲಿ ಯಾವುದು ಹೆಚ್ಚು ಭಾರವಾದುದೆಂದು ತೂಗಿ ಹೇಳಲು ತಕ್ಕಡಿ ಬೇಕಾಗಿಲ್ಲ. ಪ್ರಾಣಿಗೆ ಅಪರಿಗ್ರಹ ಕಲಿಸುತ್ತೇವೆಂದು ಅದರ ವಸ್ತುವನ್ನು ಕಿತ್ತುಕೊಳ್ಳುವುದೂ ಧರ್ಮವಲ್ಲ. ಬಲವಂತದಿಂದ ಕಳೆದುಕೊಂಡ ವಸ್ತುವಿನ ಮೇಲೆ ಮೂರ್ಛೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಮನೆ ಬದಲಿಸುವಾಗ ಬೆಕ್ಕಿನ ಹಳೆಯ ಹಾಸು, ಹಳೆಯ ಚಿಂದಿಗಳನ್ನು ಒಗೆಯದೆ ಹಾಗೆಯೇ ಜೊತೆಗೆ ಒಯ್ಯಬೇಕೆಂದು ಪಶುವೈದ್ಯರು ಸಲಹೆ ಕೊಡುತ್ತಾರೆ. ಪರಿಚಿತ ಗಂಧವು ಅದರ ಭಯವನ್ನು ಶಮನಗೊಳಿಸುತ್ತದೆ. ಭಯಗೊಂಡ ಜೀವಿಗೆ ಆಸರೆಯಾದ ವಸ್ತುವನ್ನು ಉಳಿಸಿಕೊಡುವುದು ಅಭಯದಾನದ ಒಂದು ಸಣ್ಣ ರೂಪ.

ಬೆಕ್ಕಿನ ಆಟಿಕೆಯ ವಿಷಯದಲ್ಲಿ ಜೈನ ಕುಟುಂಬಗಳು ಕೇಳಬಹುದಾದ ಇನ್ನೊಂದು ಪ್ರಶ್ನೆಯುಂಟು. ಬಟ್ಟೆಯ ಇಲಿಯನ್ನು ಕೊಂದಂತೆ ಆಡುವುದು ಹಿಂಸೆಯೇ? ಈ ಪ್ರಶ್ನೆ ಬಂದಾಗ ಯಶೋಧರನ ಕಥೆ ನೆನಪಿಗೆ ಬರುವುದು ಸಹಜ. ಜನ್ನಕವಿಯು ೧೨೦೯ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತರಿಸಿದುದು ಹಿಟ್ಟು, ಆದರೆ ಸಂಕಲ್ಪ ಜೀವಬಲಿಯದು. ಅದರ ಫಲವಾಗಿ ಮಗ-ತಾಯಿ ನವಿಲು ಮತ್ತು ನಾಯಿಯಾಗಿ ಹುಟ್ಟಿ, ಜನ್ಮಜನ್ಮಗಳಲ್ಲಿ ತೊಳಲುತ್ತಾರೆ. ಬೆಕ್ಕಿನ ಆಟದಲ್ಲಿ ಇಂಥ ವಿಚಾರಪೂರ್ವಕ ಸಂಕಲ್ಪವಿಲ್ಲ. ಆದರೆ ಇಲಿಯ ಆಕಾರದ ಬೊಂಬೆಯನ್ನು ಕೊಂಡುತಂದು ‘ಕೊಲ್ಲು, ಹಿಡಿ’ ಎಂದು ಮಕ್ಕಳಿಂದ ಹುರಿದುಂಬಿಸುವ ಹಿರಿಯರಲ್ಲಿ ಸಂಕಲ್ಪವಿಲ್ಲವೆಂದು ಹೇಳಲಾಗದು. ಒಂದು ಚೆಂಡು ಇದ್ದರೂ ಬೆಕ್ಕು ಆಡುತ್ತದೆ. ಮಕ್ಕಳ ಬಾಯಲ್ಲಿ ಕೊಲ್ಲುವ ಮಾತು ಬರುವ ಅಗತ್ಯವಿಲ್ಲ.

ಆಟವನ್ನೇ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮನೆಯವರು ದಿನಕ್ಕೆ ೫ರಿಂದ ೧೦ ನಿಮಿಷ ಬೆಕ್ಕನ್ನು ಆಟಿಕೆಯೊಡನೆ ಆಡಿಸಿದಾಗ ಅದು ಹೊರಗಿನಿಂದ ಕೊಂದು ತರುವ ಪ್ರಾಣಿಗಳ ಸಂಖ್ಯೆ ಶೇಕಡಾ ೨೫ರಷ್ಟು ಇಳಿಯಿತು. ಒಂದು ಚೆಂಡು, ಹತ್ತು ನಿಮಿಷದ ಸಮಯ. ಅಷ್ಟರಿಂದ ಎಷ್ಟೋ ಗುಬ್ಬಿ, ಅಳಿಲು, ಇಲಿಗಳ ಪ್ರಾಣ ಉಳಿಯಬಹುದು. ಒಂದೇ ಆಟಿಕೆ ಯತ್ನಾಚಾರವಿದ್ದಲ್ಲಿ ಅಹಿಂಸೆಯ ಸಾಧನ, ಪ್ರಮಾದವಿದ್ದಲ್ಲಿ ಹಿಂಸೆಯ ಸಾಧನ. ಸುತಳಿ, ದಾರ, ಉಣ್ಣೆಯ ಎಳೆಗಳನ್ನು ಬೆಕ್ಕು ನುಂಗಿದರೆ ಕರುಳು ಸೇದಿಕೊಂಡು ಕೊಯ್ದುಹೋಗಿ ಪ್ರಾಣಾಪಾಯವಾಗುತ್ತದೆ. ಚೀಲ ಹೊಲಿಯುವ ಅಂಗಡಿಗಳಲ್ಲಿ ತುಂಡು ಸುತಳಿಯನ್ನು ನೆಲದ ಮೇಲೆ ಬಿಡದೆ ಆಯ್ದು ಇಡುವುದು ಅಹಿಂಸೆಯ ಆಚರಣೆಯೇ ಆಗಿದೆ.

ಬೆಕ್ಕನ್ನು ಸಾಕುವ ವಿಷಯದಲ್ಲಿ ಶಾಸ್ತ್ರಕಾರರು ಮೌನವಾಗಿಲ್ಲ. ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಅನರ್ಥದಂಡಗಳನ್ನು ಹೇಳುವಾಗ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧಗಳ ಮಾರಾಟದ ಜೊತೆಗೇ ಎಣಿಸಲಾಗಿದೆ. ಇಲಿಗಳನ್ನು ಕೊಲ್ಲಿಸಲೆಂದು ಗೋದಾಮಿನಲ್ಲಿ ಬೆಕ್ಕನ್ನು ಇಡುವವರು ಈ ಮಾತನ್ನು ಗಮನಿಸಬೇಕು. ಗೋಡೆಯ ಬಿಲಗಳನ್ನು ಮುಚ್ಚಿ, ಚೀಲಗಳನ್ನು ನೆಲಬಿಟ್ಟು ಹಲಗೆಯ ಮೇಲೆ ಒಟ್ಟುವುದರಿಂದ ಆಗುವ ಕೆಲಸವನ್ನು ಕೊಲೆಯಿಂದ ಮಾಡಿಸಬೇಕಾಗಿಲ್ಲ. ಬಾಗಿಲಿಗೆ ಬಂದ ಅನಾಥ ಮರಿಗೆ ಆಶ್ರಯ ಕೊಡುವುದು ಬೇರೆ. ಅದರಲ್ಲಿ ಉದ್ದೇಶ ಕರುಣೆ. ಆದರೆ ಮಕ್ಕಳ ಹಟಕ್ಕೆ ಹಣ ಕೊಟ್ಟು ಬೆಕ್ಕನ್ನು ತರುವ ಮೊದಲು, ಅದು ಮಾಂಸಾಹಾರಿ ಪ್ರಾಣಿಯೆಂಬುದನ್ನೂ, ಬರಿಯ ಹಾಲು-ಅನ್ನದಿಂದ ಅದರ ಕಣ್ಣು ಮತ್ತು ಹೃದಯಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಾಕಷ್ಟು ದೊರೆಯುವುದಿಲ್ಲವೆಂಬುದನ್ನೂ ಹಿರಿಯರು ತಿಳಿದಿರಬೇಕು. ಬಾಹ್ಯಪರಿಗ್ರಹದ ಹತ್ತು ಭೇದಗಳಲ್ಲಿ ಚತುಷ್ಪದವೂ ಒಂದು. ಆಟಿಕೆಯು ಬೆಕ್ಕಿನ ಪರಿಗ್ರಹವಾದರೆ ಬೆಕ್ಕು ಮನೆಯವನ ಪರಿಗ್ರಹ.

ಇಷ್ಟಾದ ಮೇಲೆ ದೃಷ್ಟಿಯನ್ನು ಬೆಕ್ಕಿನಿಂದ ಮನುಷ್ಯನ ಕಡೆಗೆ ತಿರುಗಿಸಬೇಕು. ಚಿಕ್ಕ ಮಗುವು ಒಂದೇ ಹರಕು ಕೌದಿಯನ್ನು ಎಲ್ಲಿಗೆ ಹೋದರೂ ಎಳೆದುಕೊಂಡು ಹೋಗುವುದನ್ನೂ, ಅದನ್ನು ಒಗೆದರೆ ಅಳುವುದನ್ನೂ ತಾಯಂದಿರು ಬಲ್ಲರು. ಡೊನಾಲ್ಡ್ ವಿನ್ನಿಕಾಟ್ ಎಂಬ ಆಂಗ್ಲ ಮಕ್ಕಳ ವೈದ್ಯರು ೧೯೫೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಾಯಿಯ ಮಡಿಲಿನಿಂದ ಹೊರಜಗತ್ತಿಗೆ ಕಾಲಿಡುವ ಮಗುವಿಗೆ ಅಂಥ ವಸ್ತು ಸೇತುವೆಯಾಗುತ್ತದೆಂದು ತೋರಿಸಿದರು. ಮಗು ಬೆಳೆದಂತೆ ಕೌದಿ ತಾನಾಗಿಯೇ ಮೂಲೆ ಸೇರುತ್ತದೆ. ಬೆಳೆದವನಿಗೆ ಮಾತ್ರ ಮೂರ್ಛೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಡೇನಿಯಲ್ ಕಾನ್ಮನ್, ಜಾಕ್ ನೆಚ್, ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಕಾಫಿ ಕುಡಿಯುವ ಸಾಧಾರಣ ಲೋಟಗಳನ್ನು ಉಚಿತವಾಗಿ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಮಾರುವಿರೆಂದು ಕೇಳಿದರು. ಕೊಳ್ಳುವವರು ಕೊಡಲೊಪ್ಪಿದ ಬೆಲೆಗಿಂತ ಸುಮಾರು ಇಮ್ಮಡಿ ಬೆಲೆಯನ್ನು ಲೋಟ ಪಡೆದವರು ಕೇಳಿದರು. ಲೋಟ ಅದೇ, ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೆ. ‘ನನ್ನದು’ ಎಂಬ ಶಬ್ದವೇ ಅದರ ಬೆಲೆಯನ್ನು ಇಮ್ಮಡಿಸಿತು.

ಬೆಕ್ಕು ಕೆನ್ನೆ ಉಜ್ಜಿ ಗುರುತು ಹಾಕುತ್ತದೆ. ಮನುಷ್ಯನು ಹೆಸರು ಕೊರೆಯಿಸುತ್ತಾನೆ. ಮನೆಯ ತಟ್ಟೆ, ತಂಬಿಗೆ, ಕೊಡಗಳ ಮೇಲೆ ಹೆಸರು ಹಾಕಿಸುವುದು ಅದಲುಬದಲಾಗದಿರಲೆಂಬ ವ್ಯವಹಾರದ ಅನುಕೂಲ, ಅದರಲ್ಲಿ ತಪ್ಪಿಲ್ಲ. ಆದರೆ ಬಸದಿಗೆ ದಾನವಾಗಿ ಕೊಟ್ಟ ಕಲಶದ ಮೇಲೆ, ಗೋಡೆಯ ಗಡಿಯಾರದ ಮೇಲೆ, ವಿದ್ಯುತ್ ಪಂಖದ ಮೂರು ರೆಕ್ಕೆಗಳ ಮೇಲೆ ಹೆಸರು ಬರೆಯಿಸುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಪ್ರಾಚೀನ ಶಾಸನಗಳೂ ದಾನಿಯ ಹೆಸರನ್ನು ಹೇಳುತ್ತವೆ, ನಿಜ. ಆ ಶಾಸನಗಳು ದತ್ತಿಯ ಭೂಮಿ ಎಷ್ಟು, ಗಡಿ ಯಾವುದು, ಯಾವ ಕಾರ್ಯಕ್ಕೆ ಎಂಬುದನ್ನು ದಾಖಲಿಸಿ ದಾನವನ್ನು ಕಾಪಾಡುವ ಪತ್ರಗಳಾಗಿದ್ದವು. ದಾನವನ್ನು ಕಾಪಾಡುವ ಹೆಸರು ಬೇರೆ, ದಾನದಲ್ಲಿ ದಾನಿಯ ಸ್ವಾಮ್ಯವನ್ನು ಕಾಪಾಡುವ ಹೆಸರು ಬೇರೆ. ‘ಇದು ನಮ್ಮ ಮನೆತನ ಕೊಟ್ಟ ಕಲಶ; ಮೊದಲ ಅಭಿಷೇಕಕ್ಕೆ ಇದನ್ನೇ ತೆಗೆಯಿರಿ’ ಎಂಬ ಮಾತು ಹೊರಟೊಡನೆ ಕೊಟ್ಟದ್ದು ಮರಳಿ ಕೈಗೆ ಬಂದಿತೆಂದೇ ತಿಳಿಯಬೇಕು. ಆ ಕಲಶವನ್ನು ತೊಳೆದರೆ ಗುರುತು ಹೋಗುವುದೂ ಇಲ್ಲ.

ವ್ಯಾಪಾರಿ ಶ್ರಾವಕನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಮುಂದೆ ಹೆಚ್ಚು ಲಾಭ ಬಂದೀತೆಂಬ ಲೋಭದಿಂದ ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ ಮೇಲೆ ಇನ್ನೊಬ್ಬನಿಗೆ ಹೆಚ್ಚಿನ ಧಾರಣೆ ಸಿಕ್ಕಿತೆಂದು ಕಂಡು ಖೇದಪಡುವುದು ವಿಸ್ಮಯ. ತಕ್ಕ ಲಾಭ ದೊರೆತರೂ ಮತ್ತಷ್ಟು ಬೇಕೆನ್ನುವುದು ಲೋಭ. ತೊಗರಿಯ ಹಂಗಾಮಿನಲ್ಲಿ ಪೇಟೆಯ ಕಟ್ಟೆಯ ಮೇಲೆ ಒಂದು ಸಂಜೆ ಕುಳಿತವರಿಗೆ ಈ ಮೂರರ ಉದಾಹರಣೆ ಬೇರೆ ಬೇಕಾಗದು.

ಸಂಗ್ರಹವೆಲ್ಲವೂ ಪಾಪವೆಂದು ಹೇಳುವುದು ಈ ಸೀಮೆಯಲ್ಲಿ ಸಲ್ಲದು. ಮಳೆ ಕೈಕೊಡುವ ನಾಡಿದು. ೧೮೭೬-೭೮ರ ಬರಗಾಲವು ಈ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. ಹಗೇವಿನಲ್ಲಿ ಜೋಳ ತುಂಬಿ ಮುಚ್ಚಿಡುತ್ತಿದ್ದ ಹಿಂದಿನವರು ಮುಂದಿನ ವರ್ಷದ ಅನ್ನವನ್ನು ಕಾಯುತ್ತಿದ್ದರು. ಬರ ಬಂದಾಗ ತೆರೆಯಲೆಂದು ಮುಚ್ಚಿದ ಹಗೇವು ಒಂದು. ಬರ ಬರಲಿ, ಧಾರಣೆ ಏರಲಿ ಎಂದು ಕಾಯುತ್ತ ಮುಚ್ಚಿದ ಗೋದಾಮು ಇನ್ನೊಂದು. ಎರಡರಲ್ಲಿಯೂ ಇರುವುದು ಧಾನ್ಯವೇ. ಬೀಗ ಹಾಕಿದ ಭಾವ ಮಾತ್ರ ಬೇರೆ. ೨೦೨೩ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹಾಕಿ, ಸಗಟು ವ್ಯಾಪಾರಿಗೆ ಮೊದಲು ೨೦೦ ಟನ್ನುಗಳೆಂದು ನಿಗದಿಪಡಿಸಿತು. ಸರ್ಕಾರ ಹಾಕಿದ ಮಿತಿಯು ದಂಡದ ಭಯದಿಂದ ನಡೆಯುತ್ತದೆ, ಆಜ್ಞೆ ಹಿಂದೆಗೆದುಕೊಂಡ ದಿನ ಮುಗಿಯುತ್ತದೆ. ಪರಿಗ್ರಹಪರಿಮಾಣವು ಯಾರೂ ಕೇಳದಿದ್ದಾಗಲೂ ಇರುವ ಮಿತಿ. ದಾಸ್ತಾನು ಒಂದೇ ಆಗಿದ್ದರೂ ಮೊದಲನೆಯದು ನಿರ್ಬಂಧ, ಎರಡನೆಯದು ವ್ರತ.

ಬೆಕ್ಕಿಗೂ ಮನುಷ್ಯನಿಗೂ ಇರುವ ಅಂತರ ಇಲ್ಲಿ ಗೋಚರವಾಗುತ್ತದೆ. ಬೆಕ್ಕಿನ ಮೂರ್ಛೆಗೆ ಅದರ ಬಾಯಿಯೇ ಅಳತೆ. ಒಂದು ಸಲಕ್ಕೆ ಒಂದು ಚಿಂದಿಯನ್ನಷ್ಟೇ ಅದು ಕಚ್ಚಬಲ್ಲುದು. ಬೇಸರ ಬಂದರೆ ಬಿಡುತ್ತದೆ. ಬಿಟ್ಟುದಕ್ಕೆ ಬೀಗ ಹಾಕುವುದಿಲ್ಲ. ಮನುಷ್ಯನಾದರೋ ತಾನು ಕಣ್ಣಿನಿಂದ ನೋಡದ ಮಾಲನ್ನು, ತಾನು ಕಾಲಿಡದ ಊರಿನ ಗೋದಾಮಿನಲ್ಲಿ, ಒಂದು ಕಾಗದದ ರಸೀದಿಯ ಬಲದಿಂದ ತನ್ನದೆನ್ನಬಲ್ಲ. ಬೇಸರ ಬಂದ ವಸ್ತುವನ್ನೂ ಅಟ್ಟದ ಮೇಲೆ ಇಪ್ಪತ್ತು ವರ್ಷ ಇಡಬಲ್ಲ, ಇನ್ನೊಬ್ಬರು ಕೇಳಿದ ದಿನ ಅದರ ಮೇಲೆ ಹೊಸ ಪ್ರೀತಿ ಹುಟ್ಟಿಸಿಕೊಳ್ಳಬಲ್ಲ. ಮನಸ್ಸಿನ ಸಾಮರ್ಥ್ಯ ಹೆಚ್ಚಿದಷ್ಟೂ ಮೂರ್ಛೆಯ ಕ್ಷೇತ್ರವೂ ಹಿಗ್ಗುತ್ತದೆ. ಆದರೆ ಅದೇ ಸಾಮರ್ಥ್ಯದಿಂದ ಅವನು ‘ಇಷ್ಟೇ ಸಾಕು’ ಎಂದು ಆಸೆ ಹುಟ್ಟುವ ಮೊದಲೇ ಗೆರೆ ಎಳೆಯಲೂ ಬಲ್ಲ.

ಗೆರೆ ಎಳೆಯುವ ಶಕ್ತಿ ಮನುಷ್ಯನಿಗೆ ಮಾತ್ರ ಇದೆಯೆಂದು ಹೆಮ್ಮೆಪಡುವುದಕ್ಕೂ ಸಿದ್ಧಾಂತ ಅವಕಾಶ ಕೊಡುವುದಿಲ್ಲ. ಮಹಾವ್ರತ ಮನುಷ್ಯನಿಗೆ ಮಾತ್ರ ಸಾಧ್ಯ. ದೇಶವ್ರತವಾದರೋ ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚರಿಗೂ ಸಾಧ್ಯ, ಐದನೆಯ ಗುಣಸ್ಥಾನದವರೆಗೆ ಅವು ಏರಬಲ್ಲವು. ಭಗವಾನ್ ಮಹಾವೀರರ ಜೀವವು ಹಿಂದಿನ ಭವವೊಂದರಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ಬೇಟೆಯನ್ನು ಬಿಟ್ಟು ವ್ರತ ಪಾಲಿಸಿತು. ವಿಜಯಪುರದಲ್ಲಿ ೧೦೦೮ ಹೆಡೆಗಳ ಸಹಸ್ರಫ‌ಣಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡುವವರು ಆ ಸ್ವಾಮಿಯ ಜೀವವು ಒಮ್ಮೆ ವಜ್ರಘೋಷವೆಂಬ ಆನೆಯಾಗಿತ್ತೆಂಬುದನ್ನು ನೆನೆಯಬೇಕು. ಮುನಿಯಾಗಿದ್ದ ಅರವಿಂದರಾಜನಿಂದ ಧರ್ಮವನ್ನು ಕೇಳಿದ ಆ ಆನೆಯು ಒಣಗಿದ ಎಲೆಗಳನ್ನು ತಿಂದು, ಬೇರೆ ಆನೆಗಳು ಕಲಕಿ ಬಿಟ್ಟ ನೀರನ್ನು ಕುಡಿದು ಬದುಕಿತು. ಕಾಡೆಲ್ಲ ತನ್ನದೆನ್ನಬಹುದಾಗಿದ್ದ ಗಜರಾಜ ತನಗೆ ತಾನೇ ಮಿತಿ ಹಾಕಿಕೊಂಡಿತು. ಹೀಗಿರುವಾಗ ‘ಸಂಸಾರಿಗಳಿಗೆ ಇದು ಸಾಧ್ಯವೇ, ವ್ಯಾಪಾರದಲ್ಲಿ ಇದು ನಡೆಯುತ್ತದೆಯೇ’ ಎಂದು ಶ್ರಾವಕನು ಕೇಳುವ ಪ್ರಶ್ನೆಯ ಬಲವೆಷ್ಟೆಂದು ಅವನೇ ಯೋಚಿಸಬೇಕು. ಸಿಂಹ, ಆನೆಗಳಿಗೆ ಒಂದು ಸಲದ ಉಪದೇಶ ಸಾಕಾಯಿತು.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ್ದು. ಆ ದಿನ ಪ್ರವಚನ ಕೇಳಿ ಮನೆಗೆ ಮರಳಿದ ಕುಟುಂಬವು ಒಂದು ಕಾಗದದ ಮೇಲೆ ಕ್ಷೇತ್ರ, ವಾಸ್ತು, ಧನ, ಧಾನ್ಯಗಳ ಪರಿಮಾಣವನ್ನು ಬರೆದುಕೊಳ್ಳಲಿ. ಕಿರಿಯರೂ ತಮ್ಮ ವಸ್ತುಗಳ ಎಣಿಕೆ ಬರೆಯಲಿ. ವರ್ಷವಿಡೀ ಮುಟ್ಟದ ವಸ್ತು ಬೇಕಾದವರ ಮನೆಗೆ ಹೋಗಲಿ. ಬಸದಿಯ ಟ್ರಸ್ಟುಗಳು ಉಗ್ರಾಣದ ಬಾಗಿಲನ್ನು ತೆರೆದು, ಉಪಯೋಗಕ್ಕೆ ಬಾರದೆ ಕೂಡಿದ ಪಾತ್ರೆ, ಜಮಖಾನೆಗಳಲ್ಲಿ ಕೊರತೆಯಿರುವ ಹಳ್ಳಿಯ ಬಸದಿಗಳಿಗೆ ಯಾವುದನ್ನು ಕಳಿಸಬಹುದೆಂದು ನಿರ್ಣಯಿಸಲಿ. ದಾನಿಗಳ ಹೆಸರು ಟ್ರಸ್ಟಿನ ದಫ್ತರದಲ್ಲಿ ಸ್ಪಷ್ಟವಾಗಿರಲಿ. ಪಾತ್ರೆ ಯಾರ ಕೈಯಲ್ಲಿದ್ದರೂ ಅಭಿಷೇಕ ಒಂದೇ ಎಂಬುದು ದಾನಿಗಳಿಗೂ ಸ್ಪಷ್ಟವಾಗಿರಲಿ.

ಸೂಕ್ಷ್ಮಲೋಭವು ಹತ್ತನೆಯ ಗುಣಸ್ಥಾನದ ಕೊನೆಯವರೆಗೂ ಬಿಡದೆಂದು ಆಗಮ ಹೇಳುತ್ತದೆ. ಆದುದರಿಂದ ಮೂರ್ಛೆ ಒಂದೇ ದಿನ ಹೋಗಲಿಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ. ಬೆಕ್ಕು ಚಿಂದಿಗಾಗಿ ಗುರುಗುಟ್ಟಿದಾಗ ಮನೆಯವರು ನಗುತ್ತಾರೆ. ಏಕೆಂದರೆ ಆ ಚಿಂದಿಗೆ ಬೆಲೆಯಿಲ್ಲವೆಂದು ಅವರಿಗೆ ಗೊತ್ತು. ಕೇವಲಜ್ಞಾನಿಯ ದೃಷ್ಟಿಯಲ್ಲಿ ಮನುಷ್ಯನು ಕಾಯುತ್ತಿರುವ ಬಂಗಾರವೂ ಆತ್ಮನಿಗೆ ಅಷ್ಟೇ ಪರವಸ್ತು. ಇದನ್ನು ಅರಿತ ಶ್ರಾವಕನು ಬೆಕ್ಕನ್ನು ನೋಡಿ ನಗುವುದನ್ನು ಕಡಿಮೆಮಾಡಿ, ತನ್ನ ಕೀಲಿಕೈಗಳನ್ನು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.